ನಜ್ಮಾದ ಕೋಣೆಗೆ ಬಂದ ಜರ್ಮನ್ ಕೌಂಟ್

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು, ಅಮ್ಮ ಬೀಡಿ ಕಟ್ಟಿದವರು. ನಾನು ಹಗಲು ಗೋಡಂಬಿ ಫ್ಯಾಕ್ಟರಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಇತಿಹಾಸ ಓದಿ ಬಿ.ಎ. ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ದೋಹಾದಲ್ಲಿ ಒಂದು ಕೊರಿಯರ್ ಕಂಪನಿಯ ಗುಮಾಸ್ತನಾಗಿದ್ದಾಗ ಮ್ಯಾನೇಜರು ಕರೆದು, “ಇಲ್ಲಿ ಇತಿಹಾಸ ಓದಿದವನು ನೀನೊಬ್ಬನೇ. ಸ್ಟಾಫ್ ಮೀಟಿಂಗಿನಲ್ಲಿ ಅಂಚೆಯ ಚರಿತ್ರೆ ಬಗ್ಗೆ ಸ್ವಲ್ಪ ಮಾತಾಡು” ಎಂದರು. ಆ ದಿನ ಅಲ್ ಸದ್ದ್‌ನ ಆಫೀಸಿನಿಂದ ನಜ್ಮಾ ಬಡಾವಣೆಯ ನನ್ನ ಕೋಣೆಗೆ ಬಸ್ಸು ಹತ್ತದೆ ನಡೆದೇ ಬಂದೆ. ಅಷ್ಟು ಖುಷಿ.

ಮಾತಾಡಲಿಕ್ಕೆಂದು ಅವರೇ ಒಂದು ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಹದಿನೆಂಟನೆಯ ಶತಮಾನದ ಒಬ್ಬ ಜರ್ಮನ್ ಕೌಂಟನ ಜೀವನವಿತ್ತು. ಹೆಸರು ಆಗಲೂ ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ, ಈಗ ನೆನಪೂ ಇಲ್ಲ. ಕೌಂಟ್ ಅಂದರೆ ನಮ್ಮ ಕಡೆಯ ಬಲ್ಲಾಳರ ಹಾಗೆ. ಅರಮನೆಯಂಥ ಮನೆ, ಹಿಂದೆ ಮುಂದೆ ಆಳುಗಳು. ಈತ ತನ್ನ ಸೀಮೆಗೆ ವಂಶಪಾರಂಪರ್ಯವಾಗಿ ಪೋಸ್ಟ್‌ಮಾಸ್ಟರ್. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ. ದಾರಿಯುದ್ದಕ್ಕೂ ಇವನ ಲಾಯಗಳು, ಇವನ ಕುದುರೆಗಳು, ಕೊಂಬೂದುತ್ತ ಓಡುವ ಇವನ ಸವಾರರು. ಇವನು ಮಾತ್ರ ಒಂದು ಕಾಗದವನ್ನೂ ಯಾರ ಮನೆಗೂ ಮುಟ್ಟಿಸಿದವನಲ್ಲ. ಓದುತ್ತ ಓದುತ್ತ ನನಗೆ ಮೈ ಉರಿಯಿತು. ಪರೀಕ್ಷೆ ಇಲ್ಲ, ಇಂಟರ್‌ವ್ಯೂ ಇಲ್ಲ, ತೊಟ್ಟಿಲಿನಲ್ಲೇ ಅಪಾಯಿಂಟ್‌ಮೆಂಟ್! ಭಾಷಣದಲ್ಲಿ ಇವನನ್ನು ಚೆನ್ನಾಗಿ ಜಾಡಿಸಬೇಕೆಂದುಕೊಂಡೆ.

ಅಂಥವನೇ ಒಬ್ಬ ಪೋಸ್ಟ್‌ಮಾಸ್ಟರ್ ನಮ್ಮ ಕೋಣೆಯ ಕೆಳಗೇ ಇದ್ದ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ದೋಹಾದಲ್ಲಿ ಅಂಚೆಯಣ್ಣ ಮನೆಬಾಗಿಲಿಗೆ ಬರುವುದಿಲ್ಲ. ಕಾಗದವೆಲ್ಲ ಅಂಚೆ ಕಚೇರಿಯ ಪೆಟ್ಟಿಗೆಗೆ ಬರಬೇಕು. ಕೋಣೆ ಹಂಚಿಕೊಂಡು ಬದುಕುವ ನಮ್ಮಂಥವರಿಗೆ ಸ್ವಂತ ಪೆಟ್ಟಿಗೆ ಎಲ್ಲಿಂದ? ಯಾರದಾದರೂ ಅಂಗಡಿಯ ನಂಬರನ್ನೇ ಊರಿಗೆ ಕೊಡುತ್ತಿದ್ದೆವು. ನಮ್ಮದು ಕೆಳಗಿನ ಟೈಲರ್ ಅಂಗಡಿಯ ಪೆಟ್ಟಿಗೆ. ಅದರ ಕೀಲಿಕೈ ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಕಾಕನ ಸೊಂಟದಲ್ಲಿ. ಉಳ್ಳಾಲದ ಕಡೆಯ ಬ್ಯಾರಿ, ನಮಗೆಲ್ಲ ಪೋಸ್ಟ್ ಕಾಕ. ಅವರಿಗಿಂತ ಮೊದಲು ಆ ಕೀಲಿಕೈ ಇದ್ದದ್ದು ಅದೇ ಅಂಗಡಿಯಲ್ಲಿ ಹೊಲಿಯುತ್ತಿದ್ದ ಅವರ ಮಾವನ ಹತ್ತಿರ. ನಜ್ಮಾ ಬಿಟ್ಟು ಹೋದವರೂ ನಂಬರು ಬಿಡಲಿಲ್ಲ. ಶುಕ್ರವಾರ ನಮಾಜು ಮುಗಿಸಿ ಕಾಕ ಚೀಲ ಹಿಡಿದು ಬಂದರೆ, ಲಕೋಟೆ ಮೇಲಿನ ಅಕ್ಷರ ನೋಡಿಯೇ, “ಹೋ, ನಿನ್ನ ಅಮ್ಮನಿಗೆ ಬರೆದುಕೊಡುವ ಹುಡುಗಿ ಬದಲಾಗಿದ್ದಾಳೆ” ಎನ್ನುತ್ತಿದ್ದರು.

ಆ ವರ್ಷ ಕಟ್ಟಡ ಕೆಡವುವ ಸುದ್ದಿ ಬಂತು, ಅಂಗಡಿಯೂ ಮುಚ್ಚುವುದೆಂದಾಯಿತು. ಕಾಕ ಊರಿಗೆ ಹೋಗುವವರು. ಮಗ ತನ್ನ ಹೆಸರಿಗೆ ಮಾಡಿಸಿಕೊಂಡರೆ ಪೆಟ್ಟಿಗೆ ಅದೇ ನಂಬರಿನಲ್ಲಿ ಉಳಿಯುತ್ತದೆಂದು ಕಾಕ ವಿಚಾರಿಸಿಕೊಂಡು ಬಂದಿದ್ದರು. ಮಗ ಅಲ್ ಸದ್ದ್‌ನಲ್ಲಿ ಹೆಂಡತಿ, ಮಗಳ ಜೊತೆ ಇದ್ದ, ಒಳ್ಳೆಯ ಕೆಲಸದಲ್ಲಿದ್ದ. “ಬಾಪಾ, ಈಗ ಕಾಗದ ಯಾರು ಬರೀತಾರೆ? ಇಮೇಲ್ ಉಂಟು, ಮೊಬೈಲ್ ಉಂಟು. ಆ ಡಬ್ಬಿ ಕಟ್ಟಿಕೊಂಡು ನಾನೆಂತ ಮಾಡ್ಲಿ?” ಎಂದ. ಮಾತಿಗೆ ಮಾತು ಬೆಳೆಯಿತು. ಶುಕ್ರವಾರದ ಊಟಕ್ಕೆ ಬರುತ್ತಿದ್ದ ಮಗ ಬರುವುದನ್ನೇ ಬಿಟ್ಟ. ಮೊಮ್ಮಗಳ ಮುಖ ಕಾಣದೆ ಕಾಕ ಒಳಗೊಳಗೇ ಕರಗಿದರು. ಆದರೂ ಕೀಲಿಕೈಯ ಹಟ ಬಿಡಲಿಲ್ಲ. ಅವನೇ ತಗ್ಗಲಿ ಎಂದು ಕೂತರು.

ಅಂಥ ಒಂದು ಶುಕ್ರವಾರ ಮಧ್ಯಾಹ್ನ ನಾನು ಕೋಣೆಯಲ್ಲಿ ಭಾಷಣದ ಅಭ್ಯಾಸ ಮಾಡಿದೆ. ಕೇಳುವವರು ಇಬ್ಬರು: ಒಬ್ಬರು ಕಾಕ, ಇನ್ನೊಬ್ಬ ನನ್ನ ಕೋಣೆಯ ಜೊತೆಗಾರ, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್, ಅಕೌಂಟ್ಸ್‌ನವನು. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಆಗುವಷ್ಟರಲ್ಲಿ ಅವನು ಕೈ ಎತ್ತಿದ.

“ಖಲಾಸ್, ಮಾರಾಯ! ಕನ್ನಡದಲ್ಲಿ ಹೇಳು. ಕಾಕನಿಗೆ ನಿದ್ದೆ ಬರ್ತಾ ಉಂಟು.”

“ನಿದ್ದೆ ನಿಂಗೆ. ಹೇಳು ಮಗಾ,” ಎಂದರು ಕಾಕ.

ಕನ್ನಡದಲ್ಲಿ ಹೇಳಿದೆ. ವಂಶಪಾರಂಪರ್ಯ ಎಂದದ್ದೇ ತಡ ಜೊತೆಗಾರ ಬಾಯಿ ಹಾಕಿದ.

“ಅಲ್ಲಿ ಅಳಿಯಸಂತಾನ ಇಲ್ವಾ? ನಮ್ಮ ಪೋಸ್ಟಿನದ್ದು ಅಳಿಯಸಂತಾನ. ಮಾವನಿಂದ ಕಾಕನಿಗೆ ಬಂದದ್ದು.”

“ಸುಮ್ಮನಿರು ನೀನು,” ಎಂದರು ಕಾಕ. “ಎಷ್ಟು ಕುದುರೆ ಇತ್ತಂತೆ ಅವನಿಗೆ?”

“ಪುಸ್ತಕದಲ್ಲಿ ಲೆಕ್ಕ ಇಲ್ಲ ಕಾಕ. ಕಾಗದ ಮುಟ್ಟಿಸಿದ್ದೆಲ್ಲ ಸವಾರರೇ, ಅವನಲ್ಲ.”

“ಅವನು ಒಂದು ಕಾಗದವೂ ಕೊಡ್ಲಿಲ್ವಾ? ಮತ್ತೆಂಥ ಪೋಸ್ಟ್‌ಮಾಸ್ಟ್ರು ಮಾರಾಯ! ನಾನು ಜ್ವರದಲ್ಲೂ ಹೋಗಿದ್ದೇನೆ.”

ನನಗೆ ಹುರುಪು ಬಂತು. ಕೌಂಟನನ್ನು ಇನ್ನಷ್ಟು ಜಾಡಿಸಿದೆ. ಕೊನೆಗೆ ಅವನ ಮುಪ್ಪಿನ ಕತೆಗೆ ಬಂದೆ. ಆ ಸೀಮೆಯ ಅರಸ ಅಂಚೆಯನ್ನು ಸರಕಾರದ್ದೆಂದು ಮಾಡಿಕೊಂಡ. ಕುದುರೆ ಹೋಯಿತು, ಲಾಯ ಹೋಯಿತು. ಕೌಂಟನ ಮರ್ಯಾದೆಗೆಂದು ಪದವಿ ಮಾತ್ರ ಉಳಿಸಿಕೊಟ್ಟರು. ಅವನು ಸತ್ತ ಮೇಲೆ ಮಗನೂ ವಂಶಪಾರಂಪರ್ಯ ಪೋಸ್ಟ್‌ಮಾಸ್ಟರನೇ. ಸಮಾರಂಭಗಳಲ್ಲಿ ಹಾಗೇ ಕರೆಯುವರು, ಅವನು ಎದ್ದು ನಿಲ್ಲುವನು. ಅಂಚೆ ಮಾತ್ರ ಇಲ್ಲ.

ಜೊತೆಗಾರ ನಕ್ಕ. ನಾನೂ ನಗುವವನಿದ್ದೆ. ಕಾಕ ನಗಲಿಲ್ಲ.

“ಆ ಮಗನ ವಿಷಯ ಇನ್ನೊಮ್ಮೆ ಹೇಳು.”

ಹೇಳಿದೆ.

“ಅವನಿಗೆ ಬೇಕಿತ್ತಾ ಅದು?”

“ಗೊತ್ತಿಲ್ಲ ಕಾಕ. ಪುಸ್ತಕದಲ್ಲಿ ಅವನದ್ದು ಅಷ್ಟೇ ಇರುವುದು.”

“ಬೇಕಾ ಅಂತ ಯಾರೂ ಕೇಳಿರ್ಲಿಕ್ಕಿಲ್ಲ,” ಎಂದರು ಕಾಕ. “ಪಾಪ, ಹುಡುಗ. ಕೆಲಸ ಇಲ್ಲ, ಕರೆದಾಗೆಲ್ಲ ಎದ್ದು ನಿಲ್ಬೇಕು. ಅಪ್ಪ ಸಾಯುವ ಮೊದಲು ‘ಇದು ನಿಂಗೆ ಬೇಡ’ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು.”

ಸೊಂಟದ ಕೀಲಿಕೈಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಕೆಳಗೆ ಹೋದರು. ಕಿಟಕಿಯಿಂದ ನೋಡಿದರೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಫೋನು ಮಾಡುತ್ತಿದ್ದರು. ಮಗನಿಗೇ ಇರಬೇಕು.

ಮುಂದಿನ ಕೆಲವು ದಿನ ಕಾಕ ಒಬ್ಬೊಬ್ಬರಿಗೇ ಫೋನು ಮಾಡಿ, “ಇನ್ನು ನಮ್ಮ ನಂಬರು ಕೊಡ್ಬೇಡ. ಕಂಪನಿಯದ್ದು ಕೊಡು” ಎಂದರು. ಕೆಲವರು ಬೈದರು. ಒಬ್ಬ, ಎಲ್.ಐ.ಸಿ.ಯವರಿಗೆ ಈಗ ನೀನೇ ಹೇಳು ಎಂದನಂತೆ.

ಪೆಟ್ಟಿಗೆ ಬಿಟ್ಟುಕೊಡುವ ದಿನ ಮಗ ಆಫೀಸಿಗೆ ರಜೆ ಹಾಕಿ ಕಾರು ತಂದ. ಕೌಂಟರಿನಲ್ಲಿ ಇಂಗ್ಲಿಷು ಬೇಕಾದೀತೆಂದು ಕಾಕ ನನ್ನನ್ನೂ ಕರೆದಿದ್ದರು. ಮಗನಿಗಿಂತ ನನ್ನ ಇಂಗ್ಲಿಷು ಮೇಲೇನಲ್ಲ. ಅವರಿಬ್ಬರ ನಡುವೆ ಕೂರಲಿಕ್ಕೆ ಒಬ್ಬ ಬೇಕಿತ್ತು ಅಂತ ಕಾಣುತ್ತದೆ. ಕಚೇರಿಯ ಒಳಗೆ ಗೋಡೆ ತುಂಬ ಸಣ್ಣ ಸಣ್ಣ ಬಾಗಿಲುಗಳು. ಕಾಕ ನಂಬರು ನೋಡದೆ ನಡೆದು ತಮ್ಮ ಪೆಟ್ಟಿಗೆಯ ಎದುರು ನಿಂತರು.

ಮಗ ಹಿಂದಿನಿಂದ ಮೆಲ್ಲ ಕೇಳಿದ: “ಬಾಪಾ, ಒಂದು ಸಲ ನಾನು ತೆಗೀಲಾ?”

ಕಾಕ ಕೀಲಿಕೈ ಕೊಟ್ಟರು. ಅವನು ತಿರುಗಿಸಿದ, ಬಾಗಿಲು ಬರಲಿಲ್ಲ. “ಸ್ವಲ್ಪ ಎತ್ತಿ ಹಿಡಿ. ನಿನ್ನ ಅಜ್ಜನ ಕಾಲದಿಂದ ಅದಕ್ಕೆ ಅದೇ ಚಾಳಿ,” ಎಂದರು ಕಾಕ. ಎತ್ತಿ ಹಿಡಿದ, ತೆರೆಯಿತು. ಒಳಗೆ ಯಾವುದೋ ಸೋಫಾ ಅಂಗಡಿಯ ಜಾಹೀರಾತು ಮಾತ್ರ. ಮಗ ಅದನ್ನೇ ಮಡಚಿ ಕಿಸೆಯಲ್ಲಿಟ್ಟುಕೊಂಡ. ಕೀಲಿಕೈಯನ್ನು ಕಾಕನೇ ಕೌಂಟರಿಗೆ ಕೊಟ್ಟರು. ತಿರುಗಿ, “ಯಲ್ಲಾ, ನಡಿ. ಮಗು ಮನೆಯಲ್ಲಿ ಉಂಟಲ್ಲ?” ಎಂದರು.

ಮೀಟಿಂಗಿನಲ್ಲಿ ನಾನು ಕೌಂಟನನ್ನು ಜಾಡಿಸಲಿಲ್ಲ. ನನ್ನ ಡಿಗ್ರಿಯನ್ನು ನಾನು ಬೇಕೆಂದು ಬಡಿದಾಡಿ ಪಡೆದೆ. ಆ ಮನೆಯ ಮಕ್ಕಳಿಗೆ ಬೇಡ ಎನ್ನುವ ದಾರಿಯೂ ಇರಲಿಲ್ಲ ಎಂದೆ. ನನ್ನ ಹರಕು ಇಂಗ್ಲಿಷಿನಲ್ಲಿ ಎಷ್ಟು ಜನಕ್ಕೆ ಮುಟ್ಟಿತೋ, ಚಪ್ಪಾಳೆಯಂತೂ ಬಿತ್ತು.

ಆ ಶುಕ್ರವಾರ ಕಾಕನ ಊಟ ಮಗನ ಮನೆಯಲ್ಲಿ, ನನಗೂ ಕರೆ ಇತ್ತು. ಮೊಮ್ಮಗಳು ತೊಡೆಯ ಮೇಲೆ, ಕಾಕನ ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ.

“ಭಾಷಣದಲ್ಲಿ ಆ ಮಗನ ವಿಷಯ ಹೇಳಿದೆಯಾ?”

“ಹೇಳಿದೆ ಕಾಕ.”

“ಒಳ್ಳೆದಾಯ್ತು,” ಎಂದು ಕಾಕ ಬೀಜ ತೆಗೆದ ಒಂದು ತೊಳೆಯನ್ನು ಮಗುವಿನ ಬಾಯಿಗಿಟ್ಟರು.