ಮಿಸ್ ಎರ್ನೆಸ್ಟೀನರ ಓದುಕೋಣೆ ಮತ್ತು ನನ್ನ ಚೆಂದದ ಅರ್ಜಿ

ನ್ಯೂ ಆರ್ಲಿಯನ್ಸ್‌ನ ನಮ್ಮ ಚಾರ್ಟರ್ ಶಾಲೆಯಲ್ಲಿ, ಅಂದರೆ ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆಯಲ್ಲಿ, ಓದಲು ತೊಡರುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವವರು ಮಿಸ್ ಎರ್ನೆಸ್ಟೀನ್ ಗಿಲರಿ. ಇಪ್ಪತ್ತೆರಡು ವರ್ಷ ಟ್ರಾಮ್ ಓಡಿಸಿ ಬಂದವರು. "ಸ್ಟಾಪ್ ಬರೋವರ್ಗೂ ಯಾರೂ ಇಳಿಯಂಗಿಲ್ಲ" ಎನ್ನುತ್ತ ಮಗುವನ್ನು ವಾಕ್ಯದ ಕೊನೆಯವರೆಗೂ ಕರೆದೊಯ್ಯುತ್ತಾರೆ. ನನ್ನ ಮಗ ಒರಾನ್ ಓದು ಕಲಿತದ್ದೂ ಅವರ ಹತ್ತಿರವೇ.

ಸರ್ಕಾರ ಮಗುವಿಗಿಷ್ಟು ಎಂದು ಕೊಡುವ ಹಣ ಅವರ ಸಂಬಳಕ್ಕೆ ಸಾಲುವುದಿಲ್ಲ. ಮೂರು ವರ್ಷದಿಂದ ಅದನ್ನು ಒಂದು ದತ್ತಿ ಪ್ರತಿಷ್ಠಾನ ಕೊಡುತ್ತಿತ್ತು. ಇಂಥ ದಾನಿಗಳಿಗೆ ಅರ್ಜಿ ಬರೆಯುವುದೇ ಶಾಲೆಯಲ್ಲಿ ನನ್ನ ಕೆಲಸ. ಚಿಕ್ಕ ಮಗಳಿಗೆ ಹಾಲೂಡಿಸುತ್ತ ಒಂದೇ ಕೈಯಲ್ಲಿ ಈ ಸಲದ ಅರ್ಜಿಯ ನಲವತ್ತು ಪುಟ ಟೈಪ್ ಮಾಡಿದವಳು ಎಂಬ ಜಂಬ ಬೇರೆ.

ಅರ್ಜಿಯ ಕೊನೆಗೆ ತಪ್ಪದೆ ಒಂದು ಪ್ರಶ್ನೆ ಇರುತ್ತದೆ: ನಾವು ಕೊಡುವುದನ್ನು ನಿಲ್ಲಿಸಿದ ಮೇಲೆ ಹೇಗೆ ನಡೆಸುತ್ತೀರಿ? ಎಲ್ಲ ಶಾಲೆಗಳೂ ಅಲ್ಲಿ ತುಸು ಬಣ್ಣ ಹಚ್ಚುತ್ತವೆ. ನಾನು ಡಬ್ಬಿಯನ್ನೇ ಸುರಿದೆ. ಹೊಸ ದಾನಿಗಳು ಬರುತ್ತಿದ್ದಾರೆ, ಮುಂದಿನ ಸಂಬಳ ಶಾಲೆಯೇ ಕೊಡುತ್ತದೆ ಎಂದೆಲ್ಲ ಬರೆದು, ಓದಿಕೊಂಡು, ನಾನೇ ಕಣ್ಣೊರೆಸಿಕೊಂಡೆ.

ಪ್ರತಿಷ್ಠಾನ ನಂಬಿಬಿಟ್ಟಿತು. ನೀವು ಸ್ವಂತ ಕಾಲ ಮೇಲೆ ನಿಂತಿದ್ದೀರಿ, ಅಭಿನಂದನೆ, ನಮ್ಮ ನೆರವು ಇನ್ನು ಹೊಸ ಶಾಲೆಗಳಿಗೆ ಎಂದು ಪತ್ರ ಬಂತು. ಮೇ ಮುಗಿದರೆ ಓದುಕೋಣೆಗೆ ಬೀಗ.

ಮಿಸ್ ಎರ್ನೆಸ್ಟೀನ್ ಪತ್ರವನ್ನೂ ಅರ್ಜಿಯನ್ನೂ ಓದಿದರು.

"ಎಷ್ಟು ಚೆಂದ ಬರ್ದಿದ್ದೀಯೇ ತಾಯಿ. ನಂಗೆ ಯಾರ ದುಡ್ಡೂ ಬೇಡ ಅಂತ ನಂಗೇ ಅನ್ನಿಸ್ತು."

"ಎಲ್ಲರೂ ಹಂಗೇ ಬರಿಯೋದು, ಮಿಸ್ ಎರ್ನೆಸ್ಟೀನ್."

"ಬರೀತಾರೆ. ಅವರದನ್ನ ಯಾರೂ ನಂಬಲ್ಲ. ಫೋನ್ ಹಚ್ಚು, ಸುಳ್ಳು ಬರ್ದೆ ಅನ್ನು. ನಾನಿಲ್ಲೇ ಕೂತಿರ್ತೀನಿ."

ಮಾಡಿದೆ. ಪ್ರತಿಷ್ಠಾನದ ಅಧಿಕಾರಿ ಮಿಸೆಸ್ ಹಾಲ್‌ಬ್ರೂಕ್ ಫೋನ್ ಎತ್ತಿದರು; ಬರೆದದ್ದು ಸುಳ್ಳು, ಮುಂದೆ ಹೇಗೆಂದು ಗೊತ್ತಿಲ್ಲ ಎಂದೆ.

"ಆ ಪ್ರಶ್ನೆಗೆ ಗೊತ್ತಿಲ್ಲ ಅಂದವ್ರು ನೀವೇ ಮೊದಲು," ಎಂದರು ಅವರು. "ಆದ್ರೆ ಬರಿಗೈಲಿ ನಮ್ಮ ಮಂಡಳಿ ಮುಂದೆ ಹೋಗಕ್ಕಾಗಲ್ಲ ನಂಗೆ. ಅರ್ಧ ಸಂಬಳ ಶಾಲೆ ನಿಜವಾಗ್ಲೂ ಹೊಂದಿಸುತ್ತೆ ಅಂತ ತೋರ್ಸಿ. ಇನ್ನರ್ಧಕ್ಕೆ ಒಂದು ವರ್ಷ ಕೇಳಿ ನೋಡ್ತೀನಿ."

ಏನನ್ನು ಬಿಡಬಹುದು ಎಂದು ಪ್ರಿನ್ಸಿಪಾಲರೂ ನಾನೂ ಶಾಲೆಯನ್ನೆಲ್ಲ ಜಾಲಾಡಿದೆವು. ಬಸ್ಸು ಬೇಕು, ನರ್ಸ್ ಬೇಕು. ಮನೆ ಬಾಡಿಗೆಯ ಲೆಕ್ಕ ಎರಡೆರಡು ಸಲ ಹಾಕಿದರೂ, ಅಲ್ಲಿ ನನ್ನಷ್ಟು ಬಿಡಬಹುದಾದ ವಸ್ತು ಇನ್ನೊಂದು ಕಾಣಲಿಲ್ಲ. ವಾರಕ್ಕೆ ಐದು ದಿನದ ನನ್ನ ಕೆಲಸ ಮೂರು ದಿನಕ್ಕಿಳಿಯಿತು; ಉಳಿದ ಹಣ ಮಿಸ್ ಎರ್ನೆಸ್ಟೀನರ ಅರ್ಧ ಸಂಬಳವಾಯಿತು.

ಮಂಡಳಿ ಒಂದು ವರ್ಷಕ್ಕೆ ಒಪ್ಪಿತು. ಸುದ್ದಿ ಕೇಳಿ ಮಿಸ್ ಎರ್ನೆಸ್ಟೀನ್ ನನ್ನ ಮಗಳನ್ನು ಎತ್ತಿಕೊಂಡರು.

"ನೋಡ್ದ್ಯಾ ಪುಟ್ಟಿ," ಎಂದರು ಅವಳಿಗೆ, "ನಿಮ್ಮಮ್ಮ ಬರಿಯೋದು ಕಮ್ಮಿ ಮಾಡಿದ್ಲೋ ಇಲ್ವೋ, ದುಡ್ಡು ಬಂತು."