ನಮ್ಮನೇಲಿ ಕೂತಿದ್ದ ಆಫ್ರಿಕಾದ ಬ್ಯಾಗು

ನನ್ನ ಷಡ್ಡಕ ಆಫ್ರಿಕಾಗೆ ಹೋಗುತ್ತೇನೆಂದು ಹೇಳಿದ್ದು ಕುಣಿಗಲ್ಲಿನ ಅತ್ತೆ ಮನೆಯಲ್ಲಿ, ಯುಗಾದಿ ಊಟದ ಎಲೆ ಮುಂದೆ. ನನ್ನ ಹೆಂಡತಿಯ ತಂಗಿಯನ್ನು ಮದುವೆಯಾದವನು ಅವನು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಕೈಕೊಟ್ಟ ಮೇಲೆ ಮತ್ತೆ ಪರೀಕ್ಷೆ ಕಡೆ ತಲೆ ಹಾಕಿದವನಲ್ಲ. ಒಬ್ಬಟ್ಟಿಗೆ ತುಪ್ಪ ಬಡಿಸಿಕೊಳ್ಳುತ್ತಾ, ಅಲ್ಲಿ ಆನೆ, ಸಿಂಹ, ಜಿರಾಫೆ ಎಲ್ಲ ಬಯಲಲ್ಲೇ ಓಡಾಡಿಕೊಂಡಿರುತ್ತವಂತೆ, ಗಂಡ ಹೆಂಡತಿ ಒಂದು ಸಲ ನೋಡಿಕೊಂಡು ಬರೋಣ ಅಂತಿದ್ದೀವಿ ಎಂದ. ತಿರುಪತಿಗೆ ಹೋಗಿಬರುವವರ ದನಿಯಲ್ಲಿ.

ನಾನು ಕೈಲಿದ್ದ ಒಬ್ಬಟ್ಟನ್ನು ಎಲೆಗೇ ವಾಪಸು ಹಾಕಿದೆ.

ಆ ಮನೆಯಲ್ಲಿ ದೂರದ ಸಂಗತಿ ಹೇಳುವ ಹಕ್ಕು ಅಲ್ಲಿಯವರೆಗೆ ನನ್ನದಾಗಿತ್ತು. ನಾನು ಚೇಳೂರು ಕಡೆಯವನು. ನಮ್ಮಪ್ಪ ಬೇರೆಯವರ ತೋಟಕ್ಕೆ ನೀರು ಕಟ್ಟುತ್ತಿದ್ದರು. ಬಸ್ಸಿನ ಬೋರ್ಡು ಓದಲು ಅವರಿಗೆ ಬರುತ್ತಿರಲಿಲ್ಲ. ನಾನು ಬಸ್ಸಿಗೆ ಜೋತುಬಿದ್ದು ಗುಬ್ಬಿಯಲ್ಲಿ ಪಿಯುಸಿ ಮುಗಿಸಿ, ತುಮಕೂರಿನ ಹಾಸ್ಟೆಲ್ಲಿನ ನೀರುಸಾರು ಉಂಡು ಬಿ.ಎ., ಬಿ.ಎಡ್. ಮಾಡಿದೆ. ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಯಾರೂ ಕೊಟ್ಟದ್ದಲ್ಲ. ಕರಿ ಗೌನು ಹಾಕಿಕೊಂಡು ತೆಗೆಸಿದ ನನ್ನ ಫೋಟೋವನ್ನು ಅತ್ತೆ ಕೇಳಿ ಇಸಕೊಂಡು ತಮ್ಮ ಹಜಾರದಲ್ಲಿ ಹಾಕಿದ್ದಾರೆ. ಬಂದವರಿಗೆಲ್ಲ ನಮ್ಮ ದೊಡ್ಡಳಿಯ, ತುಮಕೂರಲ್ಲಿ ಹೈಸ್ಕೂಲ್ ಮೇಷ್ಟ್ರು ಎಂದು ತೋರಿಸುತ್ತಾರೆ. ನಾನು ಪಾಠ ಮಾಡುವುದು ಸಮಾಜ ವಿಜ್ಞಾನ. ಆಫ್ರಿಕಾದ ಹುಲ್ಲುಗಾವಲನ್ನು ಎಷ್ಟು ಬ್ಯಾಚಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಕಣ್ಣಾರೆ ಕಂಡದ್ದು ಮಾತ್ರ ಮೈಸೂರು ಝೂನ ಸಿಂಹ, ಮತ್ತೆ ಸ್ಕೂಲಿನ ಮಕ್ಕಳನ್ನು ಕರೆದುಕೊಂಡು ಮಧುಗಿರಿ ಆಚೆಯ ಬಯಲಿಗೆ ಹೋದಾಗ ಸಿಕ್ಕ ಕೃಷ್ಣಮೃಗ. ಆದರೂ ಈ ಸಂಬಂಧಿಕರಲ್ಲಿ ಯಾರಾದರೂ ಒಂದು ದಿನ ಆ ಹುಲ್ಲುಗಾವಲಿನಲ್ಲಿ ನಿಲ್ಲುವುದಾದರೆ ಅದು ನಾನೇ ಎಂದುಕೊಂಡಿದ್ದೆ.

ಅವನು ಮಾತು ಮುಂದುವರಿಸಿ, ಹುಲಿ ಕೂಡ ಜೀಪಿನ ಪಕ್ಕಕ್ಕೇ ಬರುತ್ತದಂತೆ ಎಂದ. ನಾನು ಕಾಯುತ್ತಿದ್ದೆ.

"ಆಫ್ರಿಕಾದಲ್ಲಿ ಹುಲಿ ಇಲ್ಲ ಕಣಪ್ಪ. ನಮ್ಮ ಎಂಟನೇ ಕ್ಲಾಸಿನ ಹುಡುಗ್ರನ್ನ ಕೇಳಿದ್ರೂ ಹೇಳ್ತಾರೆ."

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. "ಅದಕ್ಕೇ ಅಣ್ಣ ನಿಮ್ಮ ಮುಂದೆ ಹೇಳ್ತಿರೋದು. ಪ್ಲಾನೆಲ್ಲ ನೀವೇ ಹಾಕ್ಕೊಡ್ಬೇಕು. ನಾನು ಕೊಬ್ಬರಿ ಒಡೆದು ನೋಡೋನು, ನಂಗೇನ್ ಗೊತ್ತಾಯ್ತದೆ?"

ಇಂಥವನ ಮೇಲೆ ಸಿಟ್ಟು ಮಾಡುವುದು ಹೇಗೆ? ಹೊಟ್ಟೆ ಉರಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಆಗಲಪ್ಪ ಎಂದೆ.

ಆಮೇಲೆ ಭಾನುವಾರ ಬಂತೆಂದರೆ ಗುಬ್ಬಿಯಿಂದ ನಮ್ಮ ಮನೆಗೆ ಬರತೊಡಗಿದ. ಟೂರಿನವರು ಬೆಂಗಳೂರಿನವರು, ಹೊರಡುವ ದಿನ ನಾವೇ ಆರಿಸಿಕೊಳ್ಳಬೇಕಿತ್ತು. ನಾನು ಅಟ್ಲಾಸು ಹರಡಿ ಕೂತು, ಜೀಬ್ರಾಗಳೂ ವೈಲ್ಡ್‌ಬೀಸ್ಟ್ ಅನ್ನುವ ಗಡ್ಡದ ಪ್ರಾಣಿಗಳೂ ಮಳೆ ಹಿಂದೆ ಹಿಂದೆ ಹಿಂಡುಗಟ್ಟಿ ಹೋಗುವುದನ್ನು, ಮೊಸಳೆ ಇರುವ ಹೊಳೆ ದಾಟುವುದನ್ನು ವಿವರಿಸಿದೆ. ಜುಲೈನಲ್ಲಿ ಹೋದರೆ ಕೀನ್ಯಾದಲ್ಲಿ ಸಿಗುತ್ತವೆ ಎಂದೆ. ಕಪ್ಪು, ನೀಲಿ ಬಟ್ಟೆ ಬೇಡ, ಕಚ್ಚುವ ನೊಣ ಬರುತ್ತದೆ, ಹಳದಿ ಜ್ವರದ ಇಂಜೆಕ್ಷನ್ ಮರೆಯಬೇಡ ಎಂದೆ. ಅವನು ಎಲ್ಲದಕ್ಕೂ ಹೂಂ ಅಣ್ಣ, ಹೂಂ ಅಣ್ಣ. ನನ್ನ ಹೆಂಡತಿ ಕಾಫಿ ತಂದಿಟ್ಟು, "ಏನ್ರೀ, ನೀವೇ ಹೊರಟಂಗೆ ಆಡ್ತೀರಲ್ಲ" ಅಂದಳು.

ನಾನು ಪ್ರತಿ ಭಾನುವಾರ ಒಂದೇ ಮಾತಿಗೆ ಕಾಯುತ್ತಿದ್ದೆ. ನೀವೂ ಬನ್ನಿ ಅಣ್ಣ ಎನ್ನಬೇಕಿತ್ತು ಅವನು. ಕರೆದಿದ್ದರೂ ಹೋಗುವ ಸ್ಥಿತಿ ನನ್ನದಲ್ಲ. ಮಗಳ ಓದಿತ್ತು, ಇಲಾಖೆಯ ಅನುಮತಿಯ ತಾಪತ್ರಯವಿತ್ತು. ಆಗಲ್ಲಪ್ಪ, ನೀವು ಹೋಗಿಬನ್ನಿ ಎಂದು ಹೇಳುವ ಅವಕಾಶವಾದರೂ ನನಗೆ ಬೇಕಿತ್ತು. ಅವನು ಕರೆಯಲಿಲ್ಲ. ಹೋಗಲಿ, ನಾನಿಲ್ಲದೆ ಅಲ್ಲಿ ಇವನಿಗೆ ಏನೂ ಅರ್ಥವಾಗುವುದಿಲ್ಲ ಎಂಬ ಒಂದೇ ಸಮಾಧಾನ ಹಿಡಿದುಕೊಂಡೆ.

ಅಷ್ಟರಲ್ಲಿ ಗುಬ್ಬಿಯ ಪುರೋಹಿತರು ಅಡ್ಡ ಬಂದರು. ಜುಲೈನಲ್ಲಿ ನಾವು ಗೊತ್ತು ಮಾಡಿದ್ದ ದಿನ ಆಷಾಢಕ್ಕೆ ಬೀಳುತ್ತದೆ, ಆಷಾಢದಲ್ಲಿ ಇಂಥ ಪ್ರಯಾಣ ಹೊರಡಬಾರದು ಅಂದರಂತೆ. ಷಡ್ಡಕ ಫೋನ್ ಮಾಡಿ, ಕಾರ್ತಿಕಕ್ಕೆ ಹಾಕಿಕೊಂಡುಬಿಡ್ತೀವಿ ಅಣ್ಣ, ಏನಂತೀರ, ಎಂದ.

ಕಾರ್ತಿಕ ಅಂದರೆ ನವೆಂಬರು. ಅಷ್ಟೊತ್ತಿಗೆ ಹಿಂಡುಗಳು ಗಡಿ ದಾಟಿ ದಕ್ಷಿಣಕ್ಕೆ ಹೋಗಿರುತ್ತವೆ, ಅಲ್ಲಿ ಮಳೆ ಬೇರೆ. ನಾನು ಸುಮ್ಮನೆ ಹೂಂ ಅಂದುಬಿಟ್ಟರೆ ಸಾಕಿತ್ತು. ಖಾಲಿ ಹುಲ್ಲು ನೋಡಿಕೊಂಡು ಬರುತ್ತಿದ್ದ. ಫೋನು ಕಿವಿಗಿಟ್ಟುಕೊಂಡು ಆ ಖಾಲಿ ಹುಲ್ಲನ್ನು ಒಂದು ಗಳಿಗೆ ನೋಡಿದೆ, ಚೆನ್ನಾಗೇ ಕಂಡಿತು. ಆದರೆ ವಾಪಸು ಬಂದು ಎಲ್ಲರ ಮುಂದೆ, ಮೇಷ್ಟ್ರು ಹೇಳಿದ್ದು ಒಂದೂ ಇರಲಿಲ್ಲ ಅಂದರೆ? ಹೊಟ್ಟೆಕಿಚ್ಚಿಗೋಸ್ಕರ ಓದಿದ್ದನ್ನು ಸುಳ್ಳು ಮಾಡಿಕೊಳ್ಳುವುದು ನನ್ನಿಂದಾಗಲಿಲ್ಲ. "ನವೆಂಬರಿಗೆ ಹೋದ್ರೆ ಹಿಂಡು ಸಿಗಲ್ಲ. ಹೋದ್ರೆ ಜುಲೈನಲ್ಲೇ ಹೋಗ್ಬೇಕು" ಅಂದೆ.

ದಾರಿ ತೋರಿಸಿದ್ದು ಅತ್ತೆ. ಆಷಾಢ ಹುಟ್ಟುವ ಮೊದಲೇ ಒಳ್ಳೆ ದಿನ ನೋಡಿ ಪರಸ್ಥಾನ ಇಟ್ಟುಬಿಡಿ ಎಂದರು. ಹಿಂದೆ ಕಾಶಿಗೆ ಹೋಗುವವರು ಮಾಡುತ್ತಿದ್ದದ್ದು ಅದು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಚೆನ್ನಾಗಿರುವ ಒಂದು ದಿನ ನೋಡಿ ಗಂಟನ್ನು ಮೊದಲೇ ದಾರಿಯ ಮೇಲಿನ ನೆಂಟರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊಸಿಲು ದಾಟಿತೆಂದರೆ ಆವತ್ತೇ ಪ್ರಯಾಣ ಹೊರಟ ಲೆಕ್ಕ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಇಟ್ಟ ಗಂಟು ಮಾತ್ರ ಮನೆಗೆ ವಾಪಸು ಬರಬಾರದು, ಮುಂದಕ್ಕೇ ಹೋಗಬೇಕು. ಪುರೋಹಿತರೂ ಒಪ್ಪಿದರು. ಗುಬ್ಬಿಯಿಂದ ಬೆಂಗಳೂರಿನ ವಿಮಾನಕ್ಕೆ ಹೋಗುವ ದಾರಿಯಲ್ಲಿ ನೆಂಟರೆಂದರೆ ತುಮಕೂರಿನ ನಾವೇ.

ಹೀಗೆ ಅವನ ಬ್ಯಾಗು ನಮ್ಮ ಮನೆಗೆ ಬಂದು ಕೂತಿತು. ಅತ್ತೆ ಕುಣಿಗಲ್ಲಿಂದ ಬಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ನೆಲದ ಮೇಲೆ ಇಡಬೇಡಿ ಅಂದದ್ದಕ್ಕೆ ಹೆಂಡತಿ ಹಜಾರದಲ್ಲಿ ಒಂದು ಮಣೆ ಹಾಕಿ, ನೆಂಟರನ್ನು ಕೂರಿಸುವ ಹಾಗೆ ಕೂರಿಸಿದಳು. ಖಾಕಿ ಬಣ್ಣದ, ನಾನೇ ಆರಿಸಿಕೊಟ್ಟ ಬ್ಯಾಗು. ಪಕ್ಕದ ಜೇಬಿನಲ್ಲಿ ಬೈನಾಕ್ಯುಲರ್ ಉಬ್ಬಿಕೊಂಡಿತ್ತು. ಪೇಪರು ಓದಲು ಕೂತರೆ ಎದುರಿಗೆ ಅದೇ, ಊಟಕ್ಕೆ ಕೂತರೆ ಪಕ್ಕದಲ್ಲಿ ಅದೇ. ಸ್ಕೂಲಿಗೆ ಹೊರಡುವಾಗ ನನ್ನ ಟಿಫನ್ ಬ್ಯಾಗನ್ನು ಅದರ ಮುಂದೆಯೇ ಎತ್ತಿಕೊಂಡು ಹೋಗಬೇಕು.

ಒಂದು ಸಂಜೆ ಪಕ್ಕದ ಮನೆಯವರು, ಬ್ಯಾಂಕಿನಿಂದ ರಿಟೈರ್ ಆದವರು, ಬಂದವರೇ ಅದರ ಮೇಲೆ ಕಟ್ಟಿದ್ದ ಟೂರಿನ ಚೀಟಿ ಓದಿದರು. ಏನು ಮೇಷ್ಟ್ರೇ, ನೈರೋಬಿನಾ, ಎಂದರು. ಹೌದು ಸರ್, ಆಫ್ರಿಕಾಗೆ, ಅಂದೆ. ಬ್ಯಾಗು ಹೋಗುವುದು ಅಲ್ಲಿಗೇ, ಸುಳ್ಳೇನಿರಲಿಲ್ಲ. ಅವರು ನನ್ನ ಕೈ ಹಿಡಿದು ಕುಲುಕಿದರು. ಓದಿದವರು ನೋಡಬೇಕಾದ ಜಾಗ ಎಂದರು. ಹಿಂಡು ಹೊಳೆ ದಾಟುವುದನ್ನು ಹೇಳಿದೆ, ಕಣ್ಣರಳಿಸಿ ಕೇಳಿದರು. ಅಷ್ಟು ಸುಖವಾದ ಸಂಜೆ ಆ ವರ್ಷ ಇನ್ನೊಂದು ಕಂಡಿರಲಿಲ್ಲ. ಆಗ ಹೆಂಡತಿ ಅಡಿಗೆಮನೆಯಿಂದಲೇ, "ನಮ್ದಲ್ಲ ಅಂಕಲ್, ನನ್ನ ತಂಗೀದು. ಇವ್ರು ಬರೀ ಕಾವಲು" ಎಂದಳು.

ಅವರು ಓ ಎಂದು, ಉಳಿದ ಕಾಫಿ ಕುಡಿದು ಎದ್ದರು.

ಹೊರಡುವ ಬೆಳಿಗ್ಗೆ ಗುಬ್ಬಿಯಿಂದ ಕಾರಿನಲ್ಲಿ ಬಂದು ಗಂಡ ಹೆಂಡತಿ ನಮ್ಮಿಬ್ಬರ ಕಾಲಿಗೆ ನಮಸ್ಕಾರ ಮಾಡಿದರು. ಅಕ್ಷತೆ ಹಾಕಿ, ಚೆನ್ನಾಗಿ ನೋಡ್ಕೊಂಡು ಬಾಪ್ಪ ಅಂದೆ. ಗೈಡು ಇಂಗ್ಲಿಷಿನಲ್ಲಿ ಹೇಳುವುದು ತಿಳಿಯದಿದ್ದರೆ ತಕ್ಷಣ ಫೋನ್ ಮಾಡು, ನಾನು ಹೇಳುತ್ತೇನೆ ಎಂದು ಎರಡೆರಡು ಸಲ ಹೇಳಿ ಕಳಿಸಿದೆ.

ಮಾಡಿದ. ಮಾಡಲಿಲ್ಲ ಅನ್ನುವ ಹಾಗಿಲ್ಲ. ನಾನು ಸ್ಟಾಫ್ ರೂಮಿನಲ್ಲಿದ್ದೆ. ವಿಡಿಯೋ ಕಾಲ್. ಒಣಹುಲ್ಲು, ಜೀಪಿನ ಕಂಬಿ, ಅವನ ಅರ್ಧ ಮುಖ. "ಅಣ್ಣ, ಆನೆ" ಎಂದ, ಪಿಸುಗುಟ್ಟಿ. ಪರದೆಯ ತುದಿಯಲ್ಲಿ ಬೂದಿ ಬಣ್ಣದ್ದೇನೋ ಅಲ್ಲಾಡಿತು. ಬೇರೆ ಮೇಷ್ಟ್ರುಗಳೂ ನನ್ನ ಹೆಗಲ ಹಿಂದೆ ಬಂದು ನಿಂತರು. ನಾನು ಶುರು ಮಾಡಿದೆ. ಕಿವಿ ನೋಡು, ನಮ್ಮ ಆನೆಗಿಂತ ದೊಡ್ಡದು. ಅಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ. ಮುಂದಿರುವುದು ಹಿರಿ ಹೆಣ್ಣು, ಹಿಂಡು ನಡೆಸುವುದು ಅದೇ. ಮರಿಗಳನ್ನು ನಡುವೆ ಇಟ್ಟುಕೊಳ್ಳುತ್ತವೆ, ಕಾಣ್ತಿದೆಯಾ?

ಹೂಂ ಅಣ್ಣ ಎಂಬ ಮಾತು ಬರಲಿಲ್ಲ. ಪರದೆ ಓರೆಯಾಗಿ ಆಕಾಶ ಕಂಡಿತು, ಆಮೇಲೆ ಜೀಪಿನ ನೆಲ, ಅವನ ಚಪ್ಪಲಿ. ಕೈಯಲ್ಲಿ ಫೋನಿದೆ ಎಂಬುದೇ ಅವನಿಗೆ ಮರೆತಿತ್ತು. ನಾದಿನಿ ಏನೋ ಮೆಲ್ಲಗೆ ಅಂದದ್ದು, ಒಂದು ದೊಡ್ಡ ಉಸಿರಿನಂಥ ಸದ್ದು, ಹುಲ್ಲು ಮುರಿಯುವುದು ಕೇಳುತ್ತಿತ್ತು. ಫೋನು ಮೇಲೆತ್ತಪ್ಪ, ಏನೂ ಕಾಣ್ತಿಲ್ಲ ಎಂದು ಕೂಗಿದೆ. ಎತ್ತಿದ. ಅವನ ಕಣ್ಣು ನನ್ನ ಕಡೆ ಇರಲಿಲ್ಲ.

"ಅಣ್ಣ, ಆಮೇಲ್ ಮಾಡ್ತೀನಿ. ಈಗ ಮಾತಾಡ್ಬೇಡಿ."

ಕಟ್ ಆಯಿತು. ಏನಾಯ್ತು ಎಂದು ಜೊತೆಯವರು ಕೇಳಿದರು. ನೆಟ್‌ವರ್ಕ್ ಹೋಯ್ತು ಅಂದೆ.

ಆ ದಿನವೆಲ್ಲ ಫೋನು ಮೇಜಿನ ಮೇಲೆ ಮುಖ ಮೇಲೆ ಮಾಡಿಕೊಂಡು ಬಿದ್ದಿತ್ತು. ಅವನು ಮತ್ತೆ ಮಾಡಲಿಲ್ಲ. ಅಲ್ಲಿ, ಅಷ್ಟು ಹತ್ತಿರದಲ್ಲಿ ಆನೆ ಉಸಿರಾಡುತ್ತಿದ್ದರೆ ನಾನಾಗಿದ್ದರೂ ಮಾಡುತ್ತಿರಲಿಲ್ಲ. ಹೊಟ್ಟೆ ಉರಿಯುವುದೇ ಅದಕ್ಕೆ.