ತಾಳೆಗರಿ ಓದಿದ ಅಕ್ಕೋರು

ಶಿರಸಿಯ ಶಾಲೆಯಲ್ಲಿ ನಮಗೆ ಇತಿಹಾಸ ಕಲಿಸಿದ ಅಕ್ಕೋರು, ‘ಗೊತ್ತಿಲ್ದಿದ್ರೆ ಗೊತ್ತಿಲ್ಲೆ ಹೇಳು, ಸುಳ್ಳು ಹೇಳಡ’ ಎಂದು ಕಣ್ಣು ಕಿರಿದು ಮಾಡಿ ಗದರುತ್ತಿದ್ದರು. ಅವರು ನಿವೃತ್ತರಾದ ಮೇಲೆ, ನಾನೂ ಅವರೂ ಒಂದೇ ಪ್ರವಾಸದಲ್ಲಿ ಚೀನಾದ ಹಳೆಯ ರಾಜಧಾನಿ ಷಿಯಾನಿಗೆ ಹೋದೆವು. ಅಲ್ಲಿಯ ಪುರಾತನ ಗೋಪುರದಲ್ಲಿ ಭಾರತದಿಂದ ಒಯ್ದ ಬೌದ್ಧ ಗ್ರಂಥದ ತಾಳೆಗರಿಯೊಂದು ಗಾಜಿನೊಳಗಿತ್ತು. ನಾವು ಭಾರತದವರೆಂದು ತಿಳಿದ ಚೀನೀ ಅಜ್ಜಿಯೊಬ್ಬಳು, ಅದನ್ನು ಓದಿ ಹೇಳಿರೆಂದು ಗೈಡ್ ಮೂಲಕ ಕೇಳಿಕೊಂಡಳು.

‘ಎನಗೆ ಈ ಲಿಪಿ ಬತ್ತಿಲ್ಲೆ ತಮಾ’ ಎಂದು ಅಕ್ಕೋರು ನನ್ನತ್ತ ತಿರುಗಿದರು. ಅಷ್ಟರಲ್ಲಿ ಅಜ್ಜಿ ಕೈಮುಗಿದು ಕಣ್ಣು ಮುಚ್ಚಿದ್ದಳು. ಅಕ್ಕೋರು ತಡವರಿಸಿ, ಗಾಜಿನ ಮೇಲೆ ಬೆರಳಾಡಿಸುತ್ತ ‘ಅ, ಆ, ಇ, ಈ’ ಎಂದು ರಾಗವಾಗಿ ಓದಿದರು. ಅಜ್ಜಿ ಕಣ್ಣೊರೆಸಿಕೊಂಡು, ಚೀಲದಿಂದ ದಾಳಿಂಬೆ ತೆಗೆದು ಕೊಟ್ಟಳು.

‘ಇದು ಮೋಸ ಆತಾ?’ ಎಂದು ಬಸ್ಸಿನಲ್ಲಿ ಅಕ್ಕೋರು ಕೇಳಿದರು. ಹೋಟೆಲು ಬರುವವರೆಗೂ ಆ ಹಣ್ಣನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದರು.